ಮೊಟ್ಟೆ ಕಾಯುವ ಫೋನು

ನಮ್ಮ ಭಾವನ ಮೇಲೆ ನನಗಿರುವ ಸಿಟ್ಟು ಹಳೆಯದು. ಅದಕ್ಕೆ ಹೊಸ ಕಾರಣವೇನೂ ಬೇಕಾಗಿರಲಿಲ್ಲ. ಆದರೂ ಅವರು ಧಾರಾಳ ಮನಸ್ಸಿನವರು, ಕೇಳದೆಯೇ ಒಂದು ಕೊಟ್ಟರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಬೀದಿಯವರು ಅವರನ್ನು ಎದುರಿಗೆ ‘ಸಾರ್’ ಎನ್ನುತ್ತಾರೆ, ಬೆನ್ನ ಹಿಂದೆ ‘ದೂರು ಮಂತ್ರಿ’ ಎನ್ನುತ್ತಾರೆ. ಬಸ್ಸು ತಡವಾಗಿ ಬಂದರೆ ಅವರು ದೂರು ಕೊಡುತ್ತಾರೆ. ಸರಿಯಾದ ಹೊತ್ತಿಗೆ ಬಂದರೆ, ತಮ್ಮನ್ನು ಓಡಿಸಿತು ಎಂದು ದೂರು ಕೊಡುತ್ತಾರೆ. ಕ್ಷೌರದಂಗಡಿಗೆ ಹೋಗಿ, ಕತ್ತರಿಸಿದ ಕೂದಲು ಇಷ್ಟು ಬೇಗ ಬೆಳೆಯುವುದಾದರೆ ನಿಮ್ಮ ಕೆಲಸಕ್ಕೆ ಏನು ಗ್ಯಾರಂಟಿ ಎಂದು ಕೇಳಿದ ಮಹಾನುಭಾವರು. ಗುಮಾಸ್ತರಾಗಿದ್ದ ಕಚೇರಿಯಲ್ಲಿ ಎಲ್ಲರ ಮೇಲೂ ದೂರು ಕೊಟ್ಟು ಮುಗಿದ ಮೇಲೆ ಇನ್ನು ಮಾಡಲು ಕೆಲಸವಿಲ್ಲವೆಂದು ರಾಜೀನಾಮೆ ಕೊಟ್ಟು ಮನೆಗೆ ಬಂದು ಕೂತರು. ಅಂದಿನಿಂದ ಮನೆ ನಡೆಯುತ್ತಿರುವುದು ಅಕ್ಕನ ಹ್ಯಾಚರಿಯಿಂದ.

ಹ್ಯಾಚರಿ ಎಂದರೆ ಕೋಳಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಜಾಗ. ಊರಾಚೆ ಎರಡು ಕೋಣೆಯ ಕಟ್ಟಡ. ಒಂದರಲ್ಲಿ ನಾನು ಮೊಟ್ಟೆ ಒರೆಸಿ ಜೋಡಿಸುತ್ತೇನೆ. ಇನ್ನೊಂದರಲ್ಲಿ ಬೀರುವಿನಂಥ ದೊಡ್ಡ ಯಂತ್ರವಿದೆ, ಒಳಗೆ ತಟ್ಟೆ ಮೇಲೆ ತಟ್ಟೆ, ಹಿಂದೆ ಒಂದು ಫ್ಯಾನು. ಶಾಖ ಒಂದು ಡಿಗ್ರಿ ಏರಿದರೆ ಒಳಗಿನ ಜೀವಕ್ಕೆ ಸಂಕಟ, ಇನ್ನೆರಡು ಏರಿದರೆ ಕಥೆ ಮುಗಿಯಿತು. ಹಾಗಾಗಿ ಅಕ್ಕ ವರ್ಷಗಟ್ಟಲೆ ಆ ಯಂತ್ರವನ್ನು ಬಿಟ್ಟು ಕದಲಿರಲಿಲ್ಲ. ಮದುವೆ ಮುಂಜಿ ಎಂದು ಯಾರು ಕರೆದರೂ ‘ಮೊಟ್ಟೆ ಇವೆ’ ಎನ್ನುತ್ತಿದ್ದಳು. ಈಗ ಮಗಳಿಗೆ ಚೊಚ್ಚಲ ಹೆರಿಗೆಯಾಗಿ ತಿಂಗಳು ಕಳೆದಿತ್ತು. ಅಕ್ಕ ಮೊಮ್ಮಗಳನ್ನು ನೋಡಿದ್ದು ಒಂದು ಫೋಟೋದಲ್ಲಿ ಮಾತ್ರ.

“ಫೋಟೋದಲ್ಲಿ ಮೂಗು ಯಾರ ಥರ ಇದೆ ಅಂತ ಗೊತ್ತಾಗಲ್ಲ ಕಣೋ,” ಎಂದು ನನ್ನೆದುರು ಒಂದು ಸಲ ಅಂದಳು. ಅಕ್ಕ ತನಗಾಗಿ ಏನಾದರೂ ಬೇಕು ಎಂದು ಬಾಯಿಬಿಟ್ಟದ್ದು ಅಷ್ಟೇ.

ಆ ದಿನಗಳಲ್ಲಿ ಹೊಸದಾಗಿ ಒಂದು ಸೇವೆ ಶುರುವಾಗಿತ್ತು. ಯಂತ್ರದ ಪಕ್ಕ ಒಂದು ಪೆಟ್ಟಿಗೆ ಇಟ್ಟು ಅದಕ್ಕೆ ಟೆಲಿಫೋನ್ ತಂತಿ ಸಿಕ್ಕಿಸುತ್ತಾರೆ. ಶಾಖ ಹೆಚ್ಚುಕಮ್ಮಿಯಾದರೆ ಪೆಟ್ಟಿಗೆ ತಾನಾಗಿ ಮನೆಗೆ ಫೋನ್ ಮಾಡುತ್ತದೆ. ಅಕ್ಕ ವಿಚಾರಿಸಿ ತರಿಸಿದಳು. ಪೆಟ್ಟಿಗೆ ಜೋಡಿಸಲು ಬಂದ ಇಂಜಿನಿಯರು ಟೈ ಕಟ್ಟಿದ್ದ ಸಾಧು ಪ್ರಾಣಿ. ಎಲ್ಲವನ್ನೂ ಬಿಡಿಸಿ ಹೇಳಿದ.

“ಮೊದಲು ನಿಮ್ಮ ಮನೆ ನಂಬರಿಗೆ ಮಾಡುತ್ತೆ. ಅದು ಎಂಗೇಜ್ ಇದ್ರೆ ನಮ್ಮ ಸೇವಾ ಕೇಂದ್ರಕ್ಕೆ ಮಾಡುತ್ತೆ. ಒಂದು ಹೆಂಗಸಿನ ಧ್ವನಿ ಬರುತ್ತೆ, ‘ಯಂತ್ರ ಒಂದು, ಶಾಖ ಜಾಸ್ತಿ’ ಅಂತ. ಯಾರಾದರೂ ಎತ್ತೋವರೆಗೂ ಬಿಡಲ್ಲ.”

“ಎಲ್ಲಾ ಸರಿ ಇದ್ರೆ ಏನು ಹೇಳುತ್ತೆ?” ಭಾವ ಕೇಳಿದರು.

“ಏನೂ ಹೇಳಲ್ಲ ಸಾರ್. ಸುಮ್ಮನೆ ಇರುತ್ತೆ.”

“ಸುಮ್ಮನೆ ಇರೋಕೆ ಯಂತ್ರ ಯಾಕ್ರೀ? ನನ್ನ ಬಾಮೈದ ಇದಾನಲ್ಲ.”

ಇಂಜಿನಿಯರು ನನ್ನ ಮುಖ ನೋಡಿ ನಗಬೇಕೋ ಬೇಡವೋ ಎಂದು ಗೊತ್ತಾಗದೆ ಟೈ ಸರಿಮಾಡಿಕೊಂಡ. “ನೀವು ಮಾಡಬೇಕಾದ್ದು ಒಂದೇ ಸಾರ್. ಮನೆ ಲೈನ್ ಖಾಲಿ ಇಟ್ಕೊಳ್ಳಿ, ಸಾಕು.”

ಹೊರಡುವ ದಿನ ಅಕ್ಕ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದ್ದೂ ಅದನ್ನೇ. “ನಿಮಗೆ ಮೊಟ್ಟೆ ಮುಟ್ಟೋ ಕೆಲಸ ಇಲ್ಲ, ಯಂತ್ರ ನೋಡೋ ಕೆಲಸ ಇಲ್ಲ. ತಮ್ಮ ಹೊರಗೆ ಹೋದಾಗ ಫೋನ್ ಪಕ್ಕ ಇರಿ. ಫೋನಲ್ಲಿ ಮಾತಾಡಬೇಡಿ. ಅಷ್ಟೇ.”

“ಇದೊಂದು ಕೆಲಸವಾ?” ಎಂದರು ಭಾವ. ಲೋಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದಕ್ಕಿಂತ ಸುಲಭವಾದದ್ದು ಬೇರೆ ಇಲ್ಲ ಎಂದು ಅವರು ಅಂದುಕೊಂಡಿದ್ದರು. ಅಭ್ಯಾಸ ಇಲ್ಲದವರಿಗೆ ಎಲ್ಲವೂ ಸುಲಭವಾಗಿಯೇ ಕಾಣುತ್ತದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಬೀದಿಗೆ ಇದ್ದದ್ದು ಅದೊಂದೇ ಫೋನು. ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರ ಬಂಧುಗಳು, ಎದುರು ಅಂಗಡಿಯ ಟೈಲರನ ಅಣ್ಣ, ಎಲ್ಲರ ಸುಖದುಃಖವೂ ನಮ್ಮ ಹಜಾರದ ಮೂಲಕವೇ ಹಾದುಹೋಗುತ್ತಿತ್ತು. ಅಕ್ಕ ಬಸ್ಸು ಹತ್ತಿದ ಮರುಗಳಿಗೆ ಭಾವ ಕುರ್ಚಿಯನ್ನು ಫೋನಿನ ಪಕ್ಕಕ್ಕೆ ಎಳೆದು ಸಿಂಹಾಸನದಂತೆ ಕೂತರು. ಬೀದಿಯವರನ್ನು ಕರೆದು ಘೋಷಿಸಿದರು.

“ಇವತ್ತಿಂದ ಇದು ಮಾತಾಡೋ ಫೋನಲ್ಲ, ಕೇಳೋ ಫೋನು. ಇದರ ತುದಿಗೆ ನನ್ನ ಹ್ಯಾಚರಿ ಇದೆ.”

ನನ್ನ ಹ್ಯಾಚರಿ ಅಂತೆ. ಆ ಕಟ್ಟಡದ ಬೀಗದ ಕೈ ಯಾವ ಬಣ್ಣದ್ದು ಎಂದು ಕೇಳಿದ್ದರೆ ಅವರಿಗೆ ಗೊತ್ತಿರಲಿಲ್ಲ.

“ಸಾರ್, ನಮ್ಮಣ್ಣ ಹಡಗಲ್ಲಿ ಕೆಲಸ ಮಾಡೋನು,” ಟೈಲರ್ ಅಂಗಲಾಚಿದ. “ದಡ ಮುಟ್ಟಿದಾಗ ಮಾತ್ರ ಫೋನ್ ಮಾಡ್ತಾನೆ.”

“ದಡ ಮುಟ್ಟಿದ ಮೇಲೆ ನಡ್ಕೊಂಡು ಬರಲಿ.”

ಎರಡನೇ ದಿನವೇ ಆ ಅಣ್ಣ ಫೋನ್ ಮಾಡಿದ. ಭಾವ ಎತ್ತಿ, “ಯಂತ್ರನಾ?” ಎಂದರು. ಆ ಕಡೆಯಿಂದ “ಅಲ್ಲ, ನಾನು ಟೈಲರ್...” ಎನ್ನುವಷ್ಟರಲ್ಲಿ, “ಯಂತ್ರ ಅಲ್ಲದಿದ್ರೆ ಲೈನ್ ಬಿಡು,” ಎಂದು ರಿಸೀವರ್ ಕುಕ್ಕಿದರು. ಅವತ್ತು ಸಂಜೆ ಟೈಲರ್ ಅವರ ಹೊಸ ಪ್ಯಾಂಟು ತಂದುಕೊಟ್ಟ. ಒಂದು ಕಾಲು ಹಿಮ್ಮಡಿಗೆ ಬರುತ್ತಿತ್ತು, ಇನ್ನೊಂದು ಮೊಣಕಾಲಿನ ಕೆಳಗೇ ನಿಂತಿತ್ತು. ಅಳತೆ ಅಷ್ಟೇ ಇತ್ತು ಎಂದು ಮುಖ ಗಂಟಿಕ್ಕಿಕೊಂಡು ಹೇಳಿ ಹೋದ. ಹೆಡ್‌ಮೇಷ್ಟ್ರ ಮೊಮ್ಮಗ ಪರೀಕ್ಷೆಯ ಫಲಿತಾಂಶ ಹೇಳಲು ಫೋನ್ ಮಾಡಿ, ಅದೇ ಮರ್ಯಾದೆ ಪಡೆದು, ಪಾಸೋ ಫೇಲೋ ಹೇಳುವ ಮುಂಚೆಯೇ ಕತ್ತರಿಸಲ್ಪಟ್ಟ. ಮೇಷ್ಟ್ರು ಅಂದಿನಿಂದ ನಮ್ಮ ಗೇಟಿನ ಮುಂದೆ ಬಂದು ಗಂಟಲು ಕೆರೆದು ಹೋಗಲು ಶುರುಮಾಡಿದರು.

ಇಷ್ಟಾದರೂ ನಾನು ತಡೆದುಕೊಂಡಿದ್ದೆ. ಆದರೆ ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅಕ್ಕನ ಫೋನು ಬಂತು. ರಿಸೀವರಿನಿಂದ ಅವಳ ದನಿ ನನಗೂ ಕೇಳುತ್ತಿತ್ತು. “ರೀ, ಮಗು ಇವತ್ತು ನನ್ನ ನೋಡಿ ನಕ್ಕಿತು ಕಣ್ರೀ...”

“ನಕ್ಕರೆ ಅಲ್ಲೇ ನೋಡ್ಕೊ. ಲೈನ್ ಬಿಡು.”

ನನ್ನ ಮೈ ಉರಿದುಹೋಯಿತು. “ಅಕ್ಕನ ಜೊತೆ ಒಂದು ಮಾತು ಆಡಬಾರದಾ ಭಾವ?”

“ಅವಳೇ ತಾನೇ ಹೇಳಿದ್ದು, ಮಾತಾಡಬೇಡಿ ಅಂತ? ನಾನು ಶಿಸ್ತಿನ ಮನುಷ್ಯ,” ಎಂದರು. ತಟ್ಟೆ ಬಿಟ್ಟು ಎದ್ದುಹೋದೆ. ಅವರು ಅದರ ಬಗ್ಗೆಯೂ ದೂರು ಹೇಳಿದರು.

ಶಿಸ್ತಿಗೆ ಒಂದೇ ತೊಂದರೆ. ಪೆಟ್ಟಿಗೆ ಫೋನ್ ಮಾಡಲೇ ಇಲ್ಲ. ಯಂತ್ರ ಚೆನ್ನಾಗಿ ನಡೆಯುತ್ತಿತ್ತು, ಶಾಖ ಗೆರೆಯ ಮೇಲೆ ನಿಂತಿತ್ತು, ಮೊಟ್ಟೆಯೊಳಗೆ ಮರಿಗಳು ಬಲಿಯುತ್ತಿದ್ದವು. ಎಲ್ಲವೂ ಸರಿಯಾಗಿರುವುದನ್ನು ಅಷ್ಟು ದಿನ ಒಟ್ಟಿಗೆ ಸಹಿಸಿಕೊಂಡು ಭಾವನಿಗೆ ಅಭ್ಯಾಸವಿಲ್ಲ. ಫೋನನ್ನು ದುರುಗುಟ್ಟಿ ನೋಡತೊಡಗಿದರು. ಎತ್ತಿ ಅಲ್ಲಾಡಿಸಿದರು. ಕೊನೆಗೆ ತೀರ್ಪು ಕೊಟ್ಟರು, “ಇದು ಮೋಸ.”

“ಏನೂ ಆಗಿಲ್ಲ, ಅದಕ್ಕೆ ಸುಮ್ಮನಿದೆ,” ಎಂದೆ.

“ಒಂದು ಕೆಲಸ ಮಾಡು. ಯಂತ್ರ ಸ್ವಲ್ಪ ಬಿಸಿ ಮಾಡು. ಟೆಸ್ಟಿಗೆ.”

“ಮರಿಗಳು ಸಾಯ್ತವೆ ಭಾವ. ಟೆಸ್ಟಿಗೆ ನಿಮ್ಮ ತಲೆ ಒಳಗೆ ಇಡಿ. ಅದು ಯಾವಾಗಲೂ ಬಿಸಿಯಾಗೇ ಇರುತ್ತೆ.”

ಆಮೇಲೆ ನಾವಿಬ್ಬರೂ ಮಾತು ಬಿಟ್ಟೆವು. ನನಗೆ ಹಾಯಾಗಿತ್ತು. ಆದರೆ ಭಾವನ ಬಾಯಿಗೆ ಈಗ ಬೀದಿಯೂ ಇಲ್ಲ, ಹೆಂಡತಿಯೂ ಇಲ್ಲ, ಬಾಮೈದನೂ ಇಲ್ಲ. ಒಳಗೆ ಸಂಗ್ರಹವಾದದ್ದು ಎಲ್ಲಿಗಾದರೂ ಹರಿಯಲೇಬೇಕಿತ್ತು.

ಇನ್ನೇನು ಮೂರ್ನಾಲ್ಕು ದಿನದಲ್ಲಿ ಮೊಟ್ಟೆ ಒಡೆಯಬೇಕು ಎನ್ನುವಾಗ, ಮುಂದಿನ ಸರದಿಯ ಮೊಟ್ಟೆ ತರಲು ನಾನು ವ್ಯಾನು ತೆಗೆದುಕೊಂಡು ಹೋದೆ. ಭಾವ ಫೋನೆತ್ತಿ ಸೇವಾ ಕೇಂದ್ರಕ್ಕೆ ಡಯಲ್ ಮಾಡಿದರು. ಅಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದವಳು ಆ ಕೇಂದ್ರದ ಆಪರೇಟರ್ ಹುಡುಗಿ.

“ನಿಮ್ಮ ಪೆಟ್ಟಿಗೆ ಇವತ್ತಿನವರೆಗೂ ಒಂದು ಸಲನೂ ಫೋನ್ ಮಾಡಿಲ್ಲ.”

“ಒಳ್ಳೇದಲ್ವಾ ಸಾರ್. ಎಲ್ಲಾ ಸರಿ ಇದೆ ಅಂತ ಅರ್ಥ.”

“ನೋಡಮ್ಮ. ಎಲ್ಲಾ ಸರಿ ಇದ್ರೂ ಅದು ಸುಮ್ಮನಿರುತ್ತೆ. ಅದೇ ಕೆಟ್ಟು ಕೂತಿದ್ರೂ ಸುಮ್ಮನಿರುತ್ತೆ. ಇದು ಯಾವ ಸುಮ್ಮನೆ ಅಂತ ನಾನು ಹೇಗೆ ಕಂಡುಹಿಡೀಲಿ?”

ಈ ಪ್ರಶ್ನೆ ನ್ಯಾಯವಾದದ್ದು ಎಂದು ನಾನು ಒಪ್ಪಲೇಬೇಕು. ಭಾವನ ಬಾಯಿಂದ ನ್ಯಾಯವಾದ ಮಾತು ಬಂದಾಗ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ.

“ನಾಳೆ ಇಂಜಿನಿಯರನ್ನ ಕಳಿಸ್ತೀವಿ ಸಾರ್. ಈಗ ಫೋನ್ ಇಡಿ, ಲೈನ್ ಬಿಜಿ ಆಗುತ್ತೆ.”

“ಬಿಜಿ ಆಗಲಿ. ನನ್ನಂಥವರ ಮಾತು ಕೇಳೋಕೇ ತಾನೇ ನೀವು ಲೈನ್ ಇಟ್ಕೊಂಡಿರೋದು? ನಿಮ್ಮ ಮೇಲಿನವರನ್ನ ಕರೀರಿ.”

ಅವಳ ಮೇಲೆ ಇಂಜಿನಿಯರಿದ್ದ. ಅವನಿಗೆ ಭಾವ ಮೊದಲಿನಿಂದ ಹೇಳಿದರು. ಅವನ ಮೇಲೆ ಮಾಲೀಕರಿದ್ದರು. ಊಟಕ್ಕೆ ಕೂತಿದ್ದ ಅವರನ್ನು ಎಬ್ಬಿಸಿ ಕರೆತರುವವರೆಗೆ ಭಾವ ಫೋನು ಹಿಡಿದೇ ಕಾದರು. ಆಮೇಲೆ ಅವರಿಗೂ ಮೊದಲಿನಿಂದ ಹೇಳಿದರು. ಮೊದಲು ಎಂದರೆ ಪೆಟ್ಟಿಗೆ ಬಂದ ದಿನದಿಂದಲ್ಲ. ತಾವು ಗುಮಾಸ್ತರಾಗಿದ್ದ ದಿನದಿಂದ.

ಈ ಕಡೆ ನಮ್ಮ ಕಿಟಕಿಯ ಹೊರಗೆ ಜನ ಸೇರಿದರು. ಮೊದಲು ನೋಡಿದವನು ಟೈಲರ್. ಕೊರಳಲ್ಲಿ ಟೇಪು ಹಾಗೆಯೇ ನೇತಾಡುತ್ತಿರಲು ಹೋಗಿ ಹೆಡ್‌ಮೇಷ್ಟ್ರನ್ನು ಕರೆತಂದ.

“ನಮ್ಮಣ್ಣಂಗೆ ಒಂದು ಮಾತಿಗೆ ಜಾಗ ಇಲ್ಲ ಅಂದೋನು ನೋಡಿ ಮೇಷ್ಟ್ರೇ. ಆಗಲೇ ಎರಡು ಲೋಟ ನೀರು ಕುಡಿದ, ಇನ್ನೂ ಮಾತಾಡ್ತಾನೇ ಇದಾನೆ.”

“ನನ್ನ ಮೊಮ್ಮಗ ಪಾಸಾದನೋ ಇಲ್ಲವೋ ನಂಗಿನ್ನೂ ಗೊತ್ತಿಲ್ಲ,” ಎಂದರು ಮೇಷ್ಟ್ರು. ತರಗತಿಯಲ್ಲಿ ಬೆತ್ತ ಕುಟ್ಟುವಂತೆ ಕಿಟಕಿಯ ಸರಳನ್ನು ಕೊಡೆಯಿಂದ ಕುಟ್ಟಿದರು. “ಲೈನ್ ಬಿಡ್ರೀ. ಕೇಳೋ ಫೋನು ಅಂದ್ರಲ್ಲ, ಕೇಳಿಸ್ತಾ ಇದೆಯಾ?”

ಭಾವ ರಿಸೀವರಿಗೆ ಅಂಗೈ ಮುಚ್ಚಿ, “ಇದು ಕೆಲಸದ ಮಾತು, ನಿಮ್ಮ ಹರಟೆ ಅಲ್ಲ,” ಎಂದು ಕಿಟಕಿಯ ಬಾಗಿಲು ಎಳೆದುಕೊಂಡರು. ಬೀದಿಯವರು ಮುಂಬಾಗಿಲಿಗೆ ಬಂದು ನಿಂತರು.

ಅದೇ ಹೊತ್ತಿಗೆ ನಾನು ಹ್ಯಾಚರಿಗೆ ಮರಳಿದೆ. ಕೋಣೆಯ ಬಾಗಿಲು ತೆಗೆದಾಗಲೇ ಮುಖಕ್ಕೆ ಝಳ ಹೊಡೆಯಿತು. ಯಂತ್ರದ ಫ್ಯಾನು ನಿಂತಿತ್ತು, ಬೆಲ್ಟು ಹರಿದು ಕೆಳಗೆ ಬಿದ್ದಿತ್ತು. ಮೊಟ್ಟೆ ಒಡೆಯುವ ಸಮಯ ಹತ್ತಿರವಾದಾಗ ಮರಿಗಳ ಮೈಯಿಂದಲೇ ಶಾಖ ಹೊರಡುತ್ತದೆ. ಗಾಳಿಯಾಡದಿದ್ದರೆ ಅವು ತಮ್ಮ ಬಿಸಿಯಲ್ಲಿ ತಾವೇ ಬೇಯುತ್ತವೆ. ಹೀಟರ್ ಆರಿಸಿದೆ, ಯಂತ್ರದ ಬಾಗಿಲು ಅಗಲ ತೆರೆದೆ, ನೆಲಕ್ಕೆ ಕೊಡಗಟ್ಟಲೆ ನೀರು ಸುರಿದೆ, ಕೈಗೆ ಸಿಕ್ಕ ರಟ್ಟಿನಿಂದ ಬೀಸಿದೆ. ಪಕ್ಕದಲ್ಲಿ ಪೆಟ್ಟಿಗೆ ತನ್ನ ಕೆಲಸ ತಾನು ಮಾಡುತ್ತಿತ್ತು. ಟಕಟಕ ಡಯಲ್ ಮಾಡುತ್ತಿತ್ತು, ಎಂಗೇಜ್ ಸದ್ದು ಬರುತ್ತಿತ್ತು. ಎರಡನೇ ನಂಬರಿಗೆ ಮಾಡುತ್ತಿತ್ತು, ಅಲ್ಲೂ ಎಂಗೇಜ್. ಮತ್ತೆ ಮೊದಲಿನದು. ಒಳಗಿದ್ದ ಆ ಹೆಂಗಸಿನ ದನಿಗೆ ಬಾಯಿ ತೆರೆಯಲು ಅವಕಾಶವೇ ಸಿಗುತ್ತಿರಲಿಲ್ಲ. ನಮ್ಮ ಮನೆಗೆ ಬಂದ ಹೆಂಗಸಿನ ಹಣೆಬರಹವೇ ಅಷ್ಟು ಎಂದುಕೊಂಡೆ.

ಹೊಸ ಬೆಲ್ಟು ಮನೆಯಲ್ಲಿತ್ತು. ಅಂಗಡಿಯವನು ಕೊಟ್ಟ ಬೆಲ್ಟಿನ ವಾಸನೆ ಸರಿಯಿಲ್ಲವೆಂದು ದೂರು ಕೊಡಲು ಭಾವ ಅದನ್ನು ಎತ್ತಿಟ್ಟುಕೊಂಡಿದ್ದರು. ವ್ಯಾನು ಓಡಿಸಿಕೊಂಡು ಹೋದೆ. ಬಾಗಿಲಲ್ಲಿ ಬೀದಿಗೆ ಬೀದಿಯೇ ನಿಂತಿತ್ತು. ಅವರನ್ನು ತಳ್ಳಿಕೊಂಡು ಒಳಗೆ ನುಗ್ಗಿ ಫೋನಿನ ಗುಂಡಿ ಒತ್ತಿ ಹಿಡಿದೆ.

“ಏಯ್, ಮಾಲೀಕರು ಲೈನಲ್ಲಿದ್ರು,” ಭಾವ ಗುಡುಗಿದರು. “ಈಗ ತಾನೇ ತಪ್ಪು ಒಪ್ಪಿಕೊಳ್ಳೋಕೆ ಶುರು ಮಾಡಿದ್ರು.”

ಅವರ ಕೈಯಿಂದ ರಿಸೀವರ್ ಕಿತ್ತು ಅದರ ಜಾಗಕ್ಕೆ ಇಟ್ಟೆ. ಆ ಕ್ಷಣವೇ ಫೋನು ಬಡಿದುಕೊಂಡಿತು. ಭಾವ ನನ್ನನ್ನು ಮೊಣಕೈಯಿಂದ ಸರಿಸಿ ಎತ್ತಿದರು. ಹೆಂಗಸಿನ ದನಿ ಹಜಾರಕ್ಕೆಲ್ಲ ಕೇಳಿಸಿತು. ‘ಯಂತ್ರ ಒಂದು. ಶಾಖ ಜಾಸ್ತಿ. ಯಂತ್ರ ಒಂದು. ಶಾಖ ಜಾಸ್ತಿ.’

ಭಾವನ ಮುಖ ಅರಳಿತು. ಬಾಗಿಲಲ್ಲಿದ್ದವರಿಗೆಲ್ಲ ಕೇಳುವಂತೆ ರಿಸೀವರನ್ನು ಮೇಲೆತ್ತಿ ಹಿಡಿದರು. “ನೋಡಿದ್ರಾ? ನಾನು ಹಿಡಿದು ಜಾಡಿಸಿದ ಮೇಲೆ ಹೇಗೆ ಕೆಲಸ ಮಾಡ್ತಾ ಇದೆ.”

ಆ ಗಳಿಗೆಯಲ್ಲಿ ನನ್ನ ಕೈಗೆ ಬೆಲ್ಟು ಸಿಕ್ಕಿದ್ದು ಒಳ್ಳೆಯದಾಯಿತು. ಅದನ್ನು ಬೇರೆ ಕೆಲಸಕ್ಕೆ ಬಳಸುವ ಮನಸ್ಸನ್ನು ತಡೆದುಕೊಂಡು ಓಡಿದೆ.

ನಾನು ಫೋನ್ ಮಾಡಿ ನಡೆದದ್ದನ್ನು ಹೇಳಿದ್ದರಿಂದ ಅಕ್ಕ ಮರುದಿನವೇ ಬಂದಳು. ಬಂದವಳು ನೇರ ಹ್ಯಾಚರಿಯಲ್ಲಿ ಬ್ಯಾಗು ಕೆಳಗಿಟ್ಟು ಕಿಟಕಿ ಮುಚ್ಚಿಸಿ ದೀಪದ ಪೆಟ್ಟಿಗೆಯ ಮುಂದೆ ಕೂತಳು. ಒಂದೊಂದೇ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವುದು, ಒಳಗೆ ಮಿಸುಕಾಟ ಇದ್ದರೆ ಬಲಕ್ಕೆ ಇಡುವುದು, ಇಲ್ಲದಿದ್ದರೆ ಎಡಕ್ಕೆ. ಬಿಸಿ ಮೇಲಕ್ಕೇರುವುದರಿಂದ ಮೇಲಿನ ತಟ್ಟೆಗಳು ಪೂರ್ತಿ ಹೋಗಿದ್ದವು. ಕೆಳಗಿನವು ಅರ್ಧಂಬರ್ಧ ಉಳಿದಿದ್ದವು. ಎಡಗಡೆಯ ರಾಶಿ ಬೆಳೆಯುತ್ತಲೇ ಹೋಯಿತು. ನಾನು ಗೋಡೆಯ ಕಡೆ ತಿರುಗಿ ನಿಂತೆ, ಅಳು ಬಂದುಬಿಡುತ್ತದೆ ಎಂದು ಭಯವಾಗಿತ್ತು.

ಅಷ್ಟರಲ್ಲಿ ಭಾವ ಬಂದರು. ಅವರ ಹಿಂದೆ ಇಂಜಿನಿಯರು, ಇಂಜಿನಿಯರಿನ ಹಿಂದೆ ಟೈಲರ್ ಮತ್ತು ಹೆಡ್‌ಮೇಷ್ಟ್ರು. ಇಂಜಿನಿಯರನ್ನು ನಿಲ್ಲಿಸಿಕೊಂಡು ಭಾವ ವಿಚಾರಣೆ ಶುರುಮಾಡಿದರು. ಆ ಉದ್ದಗಿಡ್ಡದ ಪ್ಯಾಂಟಿನಲ್ಲೂ ಅವರು ನ್ಯಾಯಾಧೀಶರಂತೆಯೇ ನಿಂತಿದ್ದರು.

“ನಾನು ಸತ್ಯವಂತ. ನಮ್ಮ ಲೈನ್ ಎಂಗೇಜ್ ಇತ್ತು, ಒಪ್ಕೋತೀನಿ. ಮನುಷ್ಯ ಅಂದ ಮೇಲೆ ಒಂದು ಫೋನ್ ಮಾಡ್ತಾನೆ. ಅದಕ್ಕೆ ಅಂತಾನೇ ಎರಡನೇ ನಂಬರ್ ಕೊಟ್ಟಿರೋದು. ಇವರ ಕೇಂದ್ರದ ಲೈನ್ ಯಾಕೆ ಎಂಗೇಜ್ ಇತ್ತು? ಕೇಳಿ ಇವರನ್ನ. ಅಷ್ಟು ಹೊತ್ತು ಅವರ ಲೈನಲ್ಲಿ ವಟವಟ ಅಂತ ಕೂತಿದ್ದ ಮುಠ್ಠಾಳ ಯಾರು? ಅವನನ್ನ ಹಿಡಿದು ತಂದು ಇಲ್ಲಿ ನಿಲ್ಲಿಸಬೇಕು. ನನ್ನ ಹೆಂಡ್ತಿ ಮೊಟ್ಟೆ ಕೊಂದವನು ಅವನು.”

ಇಂಜಿನಿಯರು ತನ್ನ ಶೂ ನೋಡಿಕೊಂಡ. ಟೈಲರ್ ಮೇಷ್ಟ್ರನ್ನು ನೋಡಿದ. ಬದುಕಿನುದ್ದಕ್ಕೂ ತಪ್ಪು ತಿದ್ದಿದ ಮೇಷ್ಟ್ರು ಕೊಡೆಯ ತುದಿಯಿಂದ ನೆಲ ಕೆರೆದರು.

“ನೀವೇ ರೀ ಅದು,” ಎಂದಳು ಅಕ್ಕ, ದೀಪದಿಂದ ಕಣ್ಣು ತೆಗೆಯದೆ.

“ಏನು ನಾನೇ?”

“ನೀವು ಫೋನ್ ಮಾಡಿದ್ದು ಯಾರಿಗೆ?”

“ಕೇಂದ್ರಕ್ಕೆ.”

“ಕೇಂದ್ರದಲ್ಲಿ ಇರೋದು ಎಷ್ಟು ಲೈನು?”

“ಒಂದು,” ಎಂದು ಇಂಜಿನಿಯರು ಮೆಲ್ಲಗೆ ಹೇಳಿದ.

ಭಾವ ಲೆಕ್ಕ ಹಾಕುತ್ತಿರುವುದು ಹಣೆಯ ಮೇಲೆ ಕಾಣುತ್ತಿತ್ತು. ಕೊನೆಗೆ ಲೆಕ್ಕ ಸಿಕ್ಕಿತು. ಸಿಕ್ಕಿದ್ದೇ ತಡ, “ಒಂದೇ ಲೈನ್ ಇಟ್ಕೊಂಡಿದ್ದಕ್ಕೆ ಇವರ ಮೇಲೆ...” ಎಂದು ಶುರುಮಾಡಿದರು.

ಅಕ್ಕ ಎದ್ದಳು. ಕೈಯಲ್ಲಿದ್ದ ಸತ್ತ ಮೊಟ್ಟೆಯನ್ನು ಅವರ ಕಾಲ ಬುಡಕ್ಕೆ ಬೀಸಿ ಒಡೆದಳು. ಅಕ್ಕನ ಕೈಯಲ್ಲಿ ಮೊಟ್ಟೆ ಒಡೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಲಿತ ಮರಿ, ಒದ್ದೆ ಪುಕ್ಕ, ಮುಚ್ಚಿದ ಕಣ್ಣು.

“ನೋಡಿ. ಸರಿಯಾಗಿ ನೋಡಿ. ಇದರ ಬಗ್ಗೆ ಯಾರ ಹತ್ರ ದೂರು ಹೇಳಲಿ ನಾನು?” ಅವಳ ದನಿ ಕೋಣೆಯ ಗೋಡೆಗೆ ಬಡಿಯುತ್ತಿತ್ತು. “ಮದುವೆಯಾದಾಗಿಂದ ನೀವು ಮಾತಾಡಿದ್ದೀರಿ, ನಾನು ಕೇಳಿದ್ದೀನಿ. ಒಂದೇ ಒಂದು ಸಲ ಸುಮ್ಮನಿರಿ ಅಂತ ಕೇಳಿಕೊಂಡೆ. ಮಗು ಮುಖ ನೋಡಿ ಬರ್ತೀನಿ ಅಂತ ಕೇಳಿಕೊಂಡೆ. ಅದು ನಕ್ಕಿದ್ದನ್ನ ಹೇಳೋಕೆ ಫೋನ್ ಮಾಡಿದ್ರೆ ಕುಕ್ಕಿದಿರಿ. ಕಂಡೋರ ಜೊತೆ ಜಗಳ ಆಡೋಕೆ ಮಧ್ಯಾಹ್ನ ಪೂರ್ತಿ ಲೈನ್ ಇತ್ತು, ನನಗೆ ಇರಲಿಲ್ಲ.”

ಭಾವ ಬಾಯಿ ತೆರೆದರು. ಅಕ್ಕ ಬೆರಳೆತ್ತಿದಳು. ಬಾಯಿ ಮುಚ್ಚಿಕೊಂಡಿತು.

“ನಾಳೆ ಬೆಳಿಗ್ಗೆ ನಾನು ವಾಪಸ್ ಹೋಗ್ತೀನಿ. ಉಳಿದಿರೋ ಮೊಟ್ಟೆ ಪಕ್ಕ ನೀವು ಕೂರ್ತೀರಿ. ಮನೆ ಫೋನು ಬೀದಿಯವರಿಗೆ ಇರಲಿ, ಮನೆ ಬೀಗದ ಕೈ ಟೈಲರ್ ಹತ್ರ ಇರುತ್ತೆ. ಈ ಪೆಟ್ಟಿಗೆ ತೆಗೀರಿ, ತಂತಿಗೆ ಒಂದು ಫೋನ್ ಸಿಕ್ಕಿಸಿ. ಶಾಖ ಎಷ್ಟಿದೆ ಅಂತ ನಾನೇ ಕೇಳ್ಕೋತೀನಿ.”

ಹಾಗೆಯೇ ಆಯಿತು. ಭಾವ ಯಂತ್ರದ ಮುಂದೆ ಸ್ಟೂಲಿನ ಮೇಲೆ ಕೂತರು. ಫೋನು ಬಂದಾಗಲೆಲ್ಲ ಮೀಟರು ನೋಡಿ ಹೇಳಬೇಕು.

“ಎಷ್ಟಿದೆ?”

“ಸರಿಯಾಗಿ ಗೆರೆ ಮೇಲಿದೆ. ಆದ್ರೆ ಈ ಸ್ಟೂಲು ಒಂದು ಕಡೆ...”

ಆ ಕಡೆಯಿಂದ ಫೋನು ಇಟ್ಟಾಗಿರುತ್ತಿತ್ತು. ಭಾವ ರಿಸೀವರನ್ನು ನೋಡುತ್ತಾ ಕೂರುತ್ತಿದ್ದರು. ನನಗೆ ದೂರು ಹೇಳಲು ತಿರುಗಿದರೆ ನಾನು ಮೊಟ್ಟೆ ಒರೆಸುತ್ತಿದ್ದೆ. ಅವರ ಮೇಲೆ ಕನಿಕರ ಹುಟ್ಟುವ ಅಪಾಯ ಒಂದೆರಡು ಸಲ ಬಂದಿತ್ತು, ಎಡಗಡೆಯ ರಾಶಿಯನ್ನು ನೆನೆದುಕೊಂಡು ದಾಟಿದೆ.

ಮೂರನೇ ದಿನ ಮೊಟ್ಟೆಗಳು ಬಿರಿದವು. ಕೆಳಗಿನ ತಟ್ಟೆಯಲ್ಲಿ ಒಂದು ಕೊಕ್ಕು ಹೊರಬಂತು, ಆಮೇಲೆ ಇನ್ನೊಂದು, ಸಂಜೆಯ ಹೊತ್ತಿಗೆ ಕೋಣೆಯ ತುಂಬ ಚಿಲಿಪಿಲಿ. ಫೋನು ಬಂತು. ಭಾವ ಎತ್ತಿದರು.

“ಏನದು ಸದ್ದು?” ಅಕ್ಕನ ದನಿ ನನಗೂ ಕೇಳಿಸಿತು.

“ಮರಿಗಳು. ಮಧ್ಯಾಹ್ನದಿಂದ ಒಂದೇ ಸಮ ಕಿರುಚ್ತಾ ಇವೆ, ನನ್ನ ತಲೆ ಅಂದ್ರೆ...”

“ನೀವು ಸುಮ್ಮನಿರಿ. ಅವು ಮಾತಾಡಲಿ.”

ಭಾವ ರಿಸೀವರನ್ನು ತೋಳುದ್ದಕ್ಕೆ ಚಾಚಿ ಯಂತ್ರದ ಬಾಗಿಲಿಗೆ ಹಿಡಿದರು. ತೋಳು ನೋಯುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಹೇಳಿಕೊಳ್ಳಲು ನನ್ನ ಕಡೆ ನೋಡಿದರು, ನಾನು ತುಟಿಯ ಮೇಲೆ ಬೆರಳಿಟ್ಟೆ. ಅಕ್ಕ ಎಷ್ಟು ಹೊತ್ತಾದರೂ ಫೋನು ಇಡಲಿಲ್ಲ.